ಉತ್ತರ ಬೇಡ, ಸುಳಿವು ಸಾಕು

ಮಧ್ಯಾಹ್ನದ ಬಿಡುವಿನಲ್ಲಿ ಅಧ್ಯಾಪಕರ ಕೊಠಡಿಯ ಕಿಟಕಿಯ ಬಳಿ ನಾನು ಪತ್ರಿಕೆಯೊಂದನ್ನು ನಾಲ್ಕಾಗಿ ಮಡಿಸಿ, ಪೆನ್ಸಿಲ್ಲಿನ ತುದಿ ಕಚ್ಚುತ್ತ ಕುಳಿತಿರುತ್ತಿದ್ದುದನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಮೇಷ್ಟ್ರು ಮುಂದಿನ ಪಾಠಕ್ಕೆ ಸಿದ್ಧರಾಗುತ್ತಿದ್ದಾರೆಂದು ನೀವು ಭಾವಿಸಿದ್ದರೆ ಅದು ನಿಮ್ಮ ದೊಡ್ಡತನ! ನಾನು ಹೆಣಗುತ್ತಿದ್ದುದು 'ದಿ ಹಿಂದೂ' ಪತ್ರಿಕೆಯ ಗೂಢ ಪದಬಂಧದೊಡನೆ. ಎದುರಿನ ಕುರ್ಚಿಯಲ್ಲಿ ನಮ್ಮ ಗಣಿತದ ಮೇಷ್ಟ್ರು. ಹೆಸರು ಬರೆದರೆ ಅವರಿಗೆ ಹಿಡಿಸದು. ಬರೆಯದಿದ್ದರೂ ನಿಮಗೆ ತಿಳಿಯುತ್ತದೆ.

ಪದಬಂಧವೆಂದರೆ ಸಮಾನಾರ್ಥಕ ಪದಗಳ ಆಟವೆಂದೇ ಬಹುಜನರ ತಿಳಿವಳಿಕೆ. ಅ. ನಾ. ಪ್ರಹ್ಲಾದರಾವ್ ಅವರು ಸಾವಿರಾರು ಸಂಖ್ಯೆಯಲ್ಲಿ ರಚಿಸಿದ ಕನ್ನಡ ಪದಬಂಧಗಳನ್ನು ಬಿಡಿಸಿದವರಿಗೆ ಆ ಆಟದ ರುಚಿ ಗೊತ್ತು. ಗೂಢ ಪದಬಂಧದ ಜಾಯಮಾನವೇ ಬೇರೆ. ಅಲ್ಲಿ ಪ್ರತಿಯೊಂದು ಸುಳಿವಿನಲ್ಲೂ ಎರಡು ಭಾಗ. ಮೊದಲಲ್ಲೋ ಕೊನೆಯಲ್ಲೋ ಉತ್ತರದ ನೇರ ಅರ್ಥವಿರುತ್ತದೆ. ಉಳಿದದ್ದು ಅಕ್ಷರಗಳ ಕಣ್ಣಾಮುಚ್ಚಾಲೆ. ಈ ಎರಡರ ನಡುವಿನ ಗೆರೆ ಎಲ್ಲಿದೆಯೆಂಬುದನ್ನು ವಾಕ್ಯದ ಮೇಲ್ನೋಟದ ಅರ್ಥ ಮರೆಮಾಡುತ್ತದೆ. ಇಂಗ್ಲಿಷಿನ ಉದಾಹರಣೆಗಳು ನಮ್ಮ ಲಿಪಿಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ಕನ್ನಡದಲ್ಲಿ ನಾನೇ ಹೊಸೆದದ್ದನ್ನು ನೋಡಿ: 'ಬಾಲಕನ ಕಣ್ಣಲ್ಲಿ ಅಡಗಿದ ಬಂಗಾರ (೩)'. ಬಾಲಕನನ್ನೂ ಅವನ ಕಣ್ಣಿನ ಹೊಳಪನ್ನೂ ಮರೆತು ಅಕ್ಷರಗಳನ್ನಷ್ಟೇ ಓದಿದರೆ ನಡುವೆ 'ಕನಕ' ಕುಳಿತಿದೆ. 'ಹೊಳೆ ಹಿಂದಕ್ಕೆ ಹರಿದರೆ ಇಪ್ಪತ್ತನಾಲ್ಕು ಗಂಟೆ (೨)' ಎಂದರೆ ನದಿಯನ್ನು ತಿರುಗಿಸಿ ಓದಬೇಕು: ದಿನ.

ಕನ್ನಡದ ಚೌಕದಲ್ಲಿ ಕೂರುವುದು ಇಡೀ ಅಕ್ಷರ. 'ಸ್ತ್ರೀ' ಎಂಬುದು ಒಂದೇ ಮನೆ! ಇಪ್ಪತ್ತಾರೇ ಅಕ್ಷರಗಳ ಇಂಗ್ಲಿಷಿನಲ್ಲಿ ಕಲಸಿ ಜೋಡಿಸುವುದು ಸುಲಭ; ಗುಣಿತ, ಒತ್ತುಗಳ ನಮ್ಮಲ್ಲಿ ಕಷ್ಟ. ಆದರೆ ಶ್ಲೇಷೆಗೆ ನಮ್ಮಲ್ಲಿ ಬರವೇ? ಮುಂಡಿಗೆಗಳನ್ನು ಹಾಡುತ್ತ ಬೆಳೆದ ಜನ ನಾವು.

ಈ ಹುಚ್ಚಿಗೂ ಮೇಷ್ಟ್ರ ಕಸುಬಿಗೂ ಏನೋ ನಂಟಿರಬೇಕು. ಗೂಢ ಸುಳಿವು ಹೇಗೆ ನ್ಯಾಯವಾಗಿರಬೇಕೆಂದು ೧೯೬೬ರಲ್ಲಿ ಗ್ರಂಥವನ್ನೇ ಬರೆದ 'ಕ್ಸಿಮೆನೀಸ್', ಅಂದರೆ ಡಿ. ಎಸ್. ಮ್ಯಾಕ್‌ನಟ್, ಇಂಗ್ಲೆಂಡಿನ ಶಾಲೆಯೊಂದರಲ್ಲಿ ಪ್ರಾಚೀನ ಭಾಷೆಗಳನ್ನು ಕಲಿಸುತ್ತಿದ್ದವರು. 'ಡೈಲಿ ಟೆಲಿಗ್ರಾಫ್' ಪತ್ರಿಕೆಗೆ ಪದಬಂಧ ರಚಿಸುತ್ತಿದ್ದ ಲಿಯೊನಾರ್ಡ್ ಡಾವ್ ಮುಖ್ಯೋಪಾಧ್ಯಾಯರು. ೧೯೪೪ರ ಮೇ ತಿಂಗಳಲ್ಲಿ ಅವರ ಪದಬಂಧಗಳಲ್ಲಿ ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್ಬೆರಿ ಎಂಬ ಉತ್ತರಗಳು ಒಂದಾದ ಮೇಲೊಂದು ಬಂದವು. ಅವೆಲ್ಲವೂ ಜೂನ್ ೬ರಂದು ನಡೆಯಲಿದ್ದ ನಾರ್ಮಂಡಿ ದಾಳಿಯ ಗುಪ್ತನಾಮಗಳು! ಬೇಹುಗಾರಿಕೆಯ ಇಲಾಖೆಯವರು ಪಾಪ ಮೇಷ್ಟ್ರನ್ನು ಹಿಡಿದು ವಿಚಾರಿಸಿ, ಏನೂ ಸಿಗದೆ ಬಿಟ್ಟರು. ಮೇಷ್ಟ್ರು ಖಾಲಿ ಚೌಕಗಳನ್ನು ಹುಡುಗರಿಂದ ತುಂಬಿಸುತ್ತಿದ್ದರೆಂದೂ, ತಾನು ಸೈನಿಕರ ಬಾಯಿಂದ ಕೇಳಿದ ಪದಗಳನ್ನು ಅಲ್ಲಿ ಸೇರಿಸಿದ್ದೆನೆಂದೂ ಅವರ ಹಳೆಯ ವಿದ್ಯಾರ್ಥಿಯೊಬ್ಬರು ನಲವತ್ತು ವರ್ಷಗಳ ಬಳಿಕ, ೧೯೮೪ರಲ್ಲಿ, ಹೇಳಿದರು. ನನ್ನ ವಿದ್ಯಾರ್ಥಿಗಳೇ, ನೀವೂ ಏನನ್ನಾದರೂ ಬಚ್ಚಿಟ್ಟಿದ್ದರೆ ಇಷ್ಟು ತಡಮಾಡಬೇಡಿ!

ನಮ್ಮಿಬ್ಬರ ನಡುವೆ ಒಂದು ಕರಾರಿತ್ತು. ಒಬ್ಬರಿಗೆ ಹೊಳೆದ ಉತ್ತರವನ್ನು ಇನ್ನೊಬ್ಬರಿಗೆ ಹೇಳಕೂಡದು. ಕೇಳಿದರೆ ಸುಳಿವು ಮಾತ್ರ, ಅದೂ ಅಳೆದು. "ಅರ್ಥ ಬಾಲದಲ್ಲಿದೆ" ಎಂಬುದು ಮೊದಲ ಹಂತ. ಅದಕ್ಕೂ ಬಗ್ಗದಿದ್ದರೆ "ಮೂರನೆಯ ಪದವನ್ನು ನಂಬಬೇಡಿ". ಆಮೇಲೆ ಮೌನ, ಮರುದಿನದ ಪತ್ರಿಕೆ ಬರುವವರೆಗೆ. ಗಣಿತದ ಮೇಷ್ಟ್ರಿಗೆ ಈ ಅಳತೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಎಷ್ಟು ಹೇಳಿದರೆ ಎದುರಿನವನ ತಲೆ ಓಡುತ್ತದೆ, ಎಷ್ಟು ಹೇಳಿದರೆ ನಿಂತುಬಿಡುತ್ತದೆ ಎಂಬ ಲೆಕ್ಕ ಬಿ.ಎಡ್. ತರಗತಿಯಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಕುರ್ಚಿಯ ಎದುರು ಕುಳಿತು ಕಲಿತೆ.

೨೦೧೯ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಅದಕ್ಕಿಂತ ಹೆಚ್ಚಾಗಿ ಮಾತು ಹೋಯಿತು. ಬುದ್ಧಿ ಮಸುಳಿರಲಿಲ್ಲ. ಲೋಟವನ್ನು ಕಂಡರೆ ಅದೇನೆಂದು ಗೊತ್ತು, 'ಲೋಟ' ಎಂಬ ಪದ ಮಾತ್ರ ನಾಲಗೆಗೆ ಬಾರದು. ಪದಗಳನ್ನೇ ಆಡಿ ಬದುಕಿದ ಮನುಷ್ಯನಿಗೆ ಇದಕ್ಕಿಂತ ಕ್ರೂರವಾದ ಶಿಕ್ಷೆ ಇನ್ನೇನಿದ್ದೀತು? ಇಂಗ್ಲಿಷ್ ಇನ್ನೂ ದೂರ ಸರಿದಿತ್ತು. ಆದ್ದರಿಂದ ನಾನು ಅವರಿಗಾಗಿ ಕನ್ನಡದಲ್ಲಿ ಸುಳಿವುಗಳನ್ನು ಕಟ್ಟಿಕೊಂಡು ಸಂಜೆ ಹೋಗತೊಡಗಿದೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು.

ಒಂದು ಸಂಜೆ ಬರೆದುಕೊಟ್ಟೆ: 'ತೆರಿಗೆಯ ಜೊತೆ ಬಟ್ಟೆ ಬೆವರೊರೆಸಲು (೪)'. ಬಹಳ ಹೊತ್ತು ಹಾಳೆಯನ್ನೇ ನೋಡಿದರು. ಹಣೆಯಲ್ಲಿ ಬೆವರು ಮೂಡಿತು. ಅವರ ಮಗಳು ನನ್ನನ್ನು ಪಕ್ಕಕ್ಕೆ ಕರೆದು, "ಅಪ್ಪನಿಗೆ ದಣಿವಾಗುತ್ತದೆ, ಉತ್ತರ ಹೇಳಿಬಿಡಿ ಮೇಷ್ಟ್ರೇ" ಎಂದಳು. ಅವಳ ಮಾತು ತಪ್ಪಲ್ಲ. ನನ್ನ ತುಟಿಯ ಮೇಲೂ ಆ ಪದ ಬಂದಿತ್ತು. ಅಷ್ಟರಲ್ಲಿ ಮೇಜಿನ ಮೇಲೆ ಎಡಗೈಯ ಗುದ್ದು ಬಿತ್ತು. ಕೇಳಿಸಿಕೊಂಡಿದ್ದರು. ಆಮೇಲೆ ಅದೇ ಕೈಯನ್ನು ಜುಬ್ಬದ ಜೇಬಿಗೆ ಇಳಿಸಿ, ಕರವಸ್ತ್ರವನ್ನು ಎಳೆದು ತೆಗೆದು ನನ್ನ ಮುಖದ ಮುಂದೆ ಬಾವುಟದಂತೆ ಆಡಿಸಿದರು! ಉತ್ತರ ಸಿಕ್ಕಿತ್ತು, ಪದ ಸಿಕ್ಕಿರಲಿಲ್ಲ. ನಾಲ್ಕು ಮನೆಗಳನ್ನು ನಾನು ತುಂಬಲು ಹೋದರೆ ಪೆನ್ಸಿಲ್ ಕಿತ್ತುಕೊಂಡರು. ಮೂರನೆಯ ಸಂಜೆ "ಕರ... ಕರ..." ಎಂದು ತಡವರಿಸಿ, ತಾವೇ ಪೂರ್ತಿ ಮಾಡಿದರು.

ಈಗ ಮಾತು ಅಷ್ಟಿಷ್ಟು ಮರಳಿದೆ. ಕಳೆದ ವಾರ ನಾನು ಹೋದಾಗ ಒಂದು ಚೀಟಿ ಕಾದಿತ್ತು. ಎಡಗೈಯ ಸೊಟ್ಟ ಅಕ್ಷರಗಳಲ್ಲಿ ಅವರೇ ರಚಿಸಿದ ಸುಳಿವು: 'ಯಾವಾಗಲೂ ಹಿಂತಿರುಗುವ ಸೇವಕ (೨)'. ಬರೆಯಲು ಎರಡು ದಿನ ಹಿಡಿಯಿತೆಂದು ಮಗಳು ಹೇಳಿದಳು. ಉತ್ತರವನ್ನು ನಾನಿಲ್ಲಿ ಬರೆಯುವುದಿಲ್ಲ, ಕರಾರಿದೆ. ಕಂಡುಕೊಂಡವರು ನನಗೆ ಹೇಳುವುದು ಬೇಡ. ಅವರ ಮನೆಗೇ ಹೋಗಿ ಹೇಳಿ. ಸಂಜೆ ಐದರ ಮೇಲೆ ಜಗಲಿಯಲ್ಲೇ ಕುಳಿತಿರುತ್ತಾರೆ.