ಕೈಗೇನಾಗಿದೆ?

ಬೋಧನಾಭ್ಯಾಸಕ್ಕೆ ನನ್ನನ್ನು ಹಾಕಿದ್ದು ಹಾಸನ ಜಿಲ್ಲೆಯ ಒಂದು ಹೋಬಳಿ ಕೇಂದ್ರದ ಪ್ರೌಢಶಾಲೆಗೆ. ಒಂಬತ್ತನೇ ತರಗತಿಯ ವಿಜ್ಞಾನ, ಹೆಚ್ಚಿನ ದಿನ ಬೆಳಗಿನ ಮೊದಲ ಅವಧಿ. ಮಳೆಗಾಲವಾಗಿದ್ದರಿಂದ ಮಕ್ಕಳು ಒದ್ದೆ ಕೊಡೆಗಳನ್ನು ಬಾಗಿಲ ಬಳಿ ಒರಗಿಸಿ ಒಳಗೆ ಬರುವಷ್ಟರಲ್ಲಿ ಐದು ನಿಮಿಷ ಹೋಗಿರುತ್ತಿತ್ತು.

ನನ್ನ ಏಳನೆಯ ಪಾಠ ‘ಸಂಯೋಜಕ ಅಂಗಾಂಶಗಳು’. ಅದಕ್ಕೆಂದು ಹಿಂದಿನ ರಾತ್ರಿ ಕೂತು ಕೀಲಿನ ಮಾದರಿಯೊಂದನ್ನು ಮಾಡಿದ್ದೆ. ಎರಡು ಬಿದಿರಿನ ತುಂಡುಗಳು ಮೂಳೆ, ನಡುವಿನ ಸ್ಪಂಜು ಮೃದ್ವಸ್ಥಿ, ಸುತ್ತ ಬಿಗಿದ ರಬ್ಬರ್ ಬ್ಯಾಂಡು ಅಸ್ಥಿರಜ್ಜು. ಮಕ್ಕಳು ಖುಷಿಯಿಂದ ಮಡಚಿ ನೋಡಿದರು. ಪಾಠವನ್ನು ಜೀವನಕ್ಕೆ ಅನ್ವಯಿಸುವ ಹಂತದಲ್ಲಿ, “ನಿಮ್ಮ ಮನೆಯಲ್ಲಿ ಯಾರಿಗೆ ಮಂಡಿನೋವಿದೆ?” ಎಂದು ಕೇಳಿದೆ. “ಅಜ್ಜಿಗೆ”, “ನಮ್ಮ ತಾತಂಗೆ” ಎಂದು ಹತ್ತಾರು ಕೈಗಳು ಮೇಲೆದ್ದವು. ನಾನು ಕಪ್ಪುಹಲಗೆಯ ಮೇಲೆ ಬರೆದೆ: ‘ವಯಸ್ಸಾದಂತೆ ಮೃದ್ವಸ್ಥಿ ಸವೆಯುತ್ತದೆ. ಇದೇ ಸಂಧಿವಾತ.’

ಎಲ್ಲರೂ ಬರೆದುಕೊಳ್ಳುತ್ತಿದ್ದರು. ಮೂರನೇ ಬೆಂಚಿನ ಒಬ್ಬ ಹುಡುಗಿ ಮಾತ್ರ ಪೆನ್ನು ಹಿಡಿದು ಸುಮ್ಮನೆ ಕೂತಿದ್ದಳು. ನಾನು ನಿಂತಲ್ಲಿಂದಲೇ, “ಯಾಕಮ್ಮಾ, ಬರೀತಿಲ್ಲ? ಕೈಗೇನಾಗಿದೆ?” ಎಂದೆ. ತರಗತಿ ನಕ್ಕಿತು. ಅವಳು ತಲೆ ತಗ್ಗಿಸಿ ಬರೆಯತೊಡಗಿದಳು. ಗಂಟೆ ಹೊಡೆದಾಗ ಅವಳ ಪುಸ್ತಕದಲ್ಲಿ ಇದ್ದದ್ದು ಎರಡೂವರೆ ಸಾಲು.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅವಳ ಬಗ್ಗೆ ಅಷ್ಟರಲ್ಲಾಗಲೇ ನಾನು ಏನೆಲ್ಲ ತೀರ್ಮಾನಿಸಿದ್ದೆ ಎಂಬುದನ್ನು ಬರೆಯಲೇಬೇಕು. ಪ್ರಾರ್ಥನೆಗೆ ತಡವಾಗಿ ಬರುತ್ತಾಳೆ. ನೆಲದ ಮೇಲೆ ಕೂರಲು ಹೇಳಿದರೆ ಗೋಡೆ ಹಿಡಿದು ನಿಲ್ಲುತ್ತಾಳೆ. ಸೋಮವಾರ ಬಂದರೆ ಗೈರು. ಇವೆಲ್ಲಕ್ಕಿಂತ ದೊಡ್ಡ ‘ಸಾಕ್ಷಿ’ ಎಂದರೆ, ಮಧ್ಯಾಹ್ನ ಮೂರು ಗಂಟೆಗೆ ಅದೇ ಹುಡುಗಿ ಗೆಳತಿಯರ ಜೊತೆ ಮೈದಾನದಲ್ಲಿ ಓಡಾಡುತ್ತಿರುತ್ತಾಳೆ. ಮಧ್ಯಾಹ್ನ ಬರೆದ ಕನ್ನಡ ಪ್ರಬಂಧದಲ್ಲಿ ಅಕ್ಷರ ದುಂಡಗಿರುತ್ತದೆ, ಬೆಳಿಗ್ಗೆ ಬರೆದ ನನ್ನ ಕಿರುಪರೀಕ್ಷೆಯಲ್ಲಿ ಗೀಚಿದಂತಿರುತ್ತದೆ. ನೋವಿದ್ದರೆ ದಿನವಿಡೀ ಇರಬೇಕಲ್ಲವೇ? ನನ್ನ ದಿನಚರಿಯಲ್ಲಿ ಅವಳ ಹೆಸರಿನ ಮುಂದೆ ‘ವಿಜ್ಞಾನದಲ್ಲಿ ಆಸಕ್ತಿಯ ಕೊರತೆ’ ಎಂದು ಬರೆದಿಟ್ಟಿದ್ದೆ.

ಎರಡು ದಿನದ ಮೇಲೆ ಅವಳ ತಾಯಿ ಶಾಲೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆಸ್ಪತ್ರೆಯ ಫೈಲು. ಜಗಳಕ್ಕೆ ಬಂದವರಲ್ಲ. “ಮೇಡಂ, ಇದು ಮುದುಕ್ರಿಗೆ ಮಾತ್ರ ಬರೋದು ಅಂತ ಬೋರ್ಡ್ ಮೇಲೆ ಬರೆದ್ರಂತೆ. ಹಂಗಾದ್ರೆ ನಂಗ್ಯಾಕೆ ಬಂತು ಅಂತ ರಾತ್ರಿಯೆಲ್ಲ ಅತ್ತಳು” ಎಂದರು. ನನಗೆ ಮಾತೇ ಹೊರಡಲಿಲ್ಲ.

ಅವರೇ ಹೇಳಿದರು. ಹತ್ತನೇ ವಯಸ್ಸಿನಲ್ಲಿ ಮೊದಲು ಮಂಡಿ ಊದಿಕೊಂಡಿತು, ಆಮೇಲೆ ಮಣಿಕಟ್ಟು, ಬೆರಳಿನ ಗೆಣ್ಣು. ಬಿದ್ದಿರಬೇಕು ಎಂದರು ಕೆಲವರು, ಚಿಕುನ್‌ಗುನ್ಯಾ ಎಂದರು ಕೆಲವರು. ಎಣ್ಣೆ ಹಚ್ಚಿದ್ದಾಯಿತು, ಹರಕೆ ಹೊತ್ತದ್ದಾಯಿತು. ಒಂದು ವರ್ಷದ ಮೇಲೆ ಬೆಂಗಳೂರಿನ ವೈದ್ಯರೊಬ್ಬರು ಹೆಸರು ಹೇಳಿದರು: ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್. “ಬೆಳಿಗ್ಗೆ ಎದ್ರೆ ಬೆರಳು ಮಡಚಕ್ಕೇ ಆಗಲ್ಲ ಮೇಡಂ. ಬಿಸಿನೀರಲ್ಲಿ ಅದ್ದಿಸ್ತೀನಿ, ಜಡೆ ನಾನೇ ಹಾಕ್ತೀನಿ. ಹನ್ನೊಂದು ಗಂಟೆ ಆದ್ಮೇಲೆ ಕೈ ಬಿಡ್ತದೆ. ಭಾನುವಾರ ರಾತ್ರಿ ವಾರದ ಮಾತ್ರೆ. ಸೋಮವಾರ ಬೆಳಿಗ್ಗೆ ವಾಕರಿಕೆ, ಏಳಕ್ಕೇ ಆಗಲ್ಲ.”

ನಾನು ಕೂಡಿಹಾಕಿದ್ದ ಒಂದೊಂದು ಸಾಕ್ಷಿಗೂ ಆ ತಾಯಿಯ ನಾಲ್ಕು ಮಾತಿನಲ್ಲಿ ಉತ್ತರವಿತ್ತು.

ಆ ವಾರ ನಾನು ಓದಿದೆ, ನಮ್ಮೂರಿನ ವೈದ್ಯರನ್ನೂ ಕೇಳಿದೆ. ನನ್ನ ತಪ್ಪಿನ ಬೇರು ನನ್ನ ಮನೆಯಲ್ಲೇ ಇತ್ತು. ನನ್ನ ಅಮ್ಮನಿಗೆ ಮಂಡಿ ಸವೆತ. ಅವರಿಗೆ ಬೆಳಿಗ್ಗೆ ಅಷ್ಟು ನೋವಿಲ್ಲ, ಕೆಲಸ ಮಾಡಿದಷ್ಟೂ, ಮೆಟ್ಟಿಲು ಹತ್ತಿದಷ್ಟೂ ಹೆಚ್ಚುತ್ತದೆ, ಕೂತರೆ ಕಡಿಮೆಯಾಗುತ್ತದೆ. ಅದು ಆಸ್ಟಿಯೋ ಆರ್ಥ್ರೈಟಿಸ್, ಮೃದ್ವಸ್ಥಿ ಸವೆದು ಬರುವಂಥದ್ದು. ಆ ಹುಡುಗಿಯದು ಉರಿಯೂತದ ಕಾಯಿಲೆ. ಅಲ್ಲಿ ಲೆಕ್ಕ ತಿರುವುಮುರುವು: ವಿಶ್ರಾಂತಿಯಲ್ಲಿ ಕೀಲು ಬಿಗಿಯುತ್ತದೆ, ಓಡಾಡಿದಂತೆ ಸಡಿಲವಾಗುತ್ತದೆ. ರಾತ್ರಿಯ ನಿದ್ದೆಯೇ ಅತಿ ದೊಡ್ಡ ವಿಶ್ರಾಂತಿ, ಆದ್ದರಿಂದ ಬೆಳಗ್ಗೆಯೇ ಅತಿ ಕಷ್ಟ. ‘ಮಧ್ಯಾಹ್ನ ಚೆನ್ನಾಗಿರುತ್ತಾಳೆ’ ಎಂಬುದು ಸೋಗಿನ ಸಾಕ್ಷಿಯಲ್ಲ, ಕಾಯಿಲೆಯ ಗುರುತು.

ಮಕ್ಕಳಿಗೂ ಈ ಕಾಯಿಲೆ ಬರುತ್ತದೆಂಬುದು ಹೊಸ ಸಂಗತಿಯೇನಲ್ಲ. ಲಂಡನ್ನಿನ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ 1897ರಲ್ಲೇ ಮಕ್ಕಳ ಕೀಲುರೋಗದ ಬಗ್ಗೆ ಬರೆದಿದ್ದರು. 16 ವರ್ಷ ತುಂಬುವ ಮೊದಲು ಶುರುವಾಗಿ, ಕನಿಷ್ಠ 6 ವಾರ ಉಳಿಯುವ, ಬೇರೆ ಕಾರಣ ಸಿಗದ ಕೀಲೂತಕ್ಕೆ ಇಂದು ಈ ಹೆಸರಿಡುತ್ತಾರೆ. ದೊಡ್ಡವರಲ್ಲಿ ಬರುವ ರುಮಟಾಯ್ಡ್ ಆರ್ಥ್ರೈಟಿಸ್ ಕೂಡ ಮುಪ್ಪಿನ ಕಾಯಿಲೆಯಲ್ಲ. ಅದು ಗಂಡಸರಿಗಿಂತ ಹೆಂಗಸರಲ್ಲಿ ಎರಡು–ಮೂರು ಪಟ್ಟು ಹೆಚ್ಚು. ಯುವಕರಲ್ಲಿ ಬೆನ್ನುಮೂಳೆಯನ್ನು ಬಿಗಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಕೀಲಿನ ಜೊತೆಗೆ ಚರ್ಮ, ಮೂತ್ರಪಿಂಡಗಳನ್ನೂ ಹಿಡಿಯಬಲ್ಲ ಲೂಪಸ್ ಇದೇ ಬಳಗದವು.

ಮಾರ್ಗದರ್ಶಕ ಶಿಕ್ಷಕರ ಅನುಮತಿ ಪಡೆದು ಅದೇ ಪಾಠವನ್ನು ಮತ್ತೆ ಮಾಡಿದೆ. ಮೊದಲು ಆ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದು ಕ್ಷಮೆ ಕೇಳಿದೆ. ಅವಳು ಒಂದೇ ಮಾತು ಹೇಳಿದಳು: “ನನ್ನ ಹೆಸರು ಹೇಳ್ಬೇಡಿ ಮಿಸ್.” ಹೇಳಲಿಲ್ಲ.

ಹಳೆಯ ಮಾದರಿಯನ್ನು ಎತ್ತಿಕೊಂಡಾಗ ಗೊತ್ತಾಯಿತು, ಕಾಯಿಲೆ ಶುರುವಾಗುವ ಭಾಗವನ್ನೇ ನಾನು ಬಿಟ್ಟಿದ್ದೆ. ಕೀಲಿನ ಒಳಗೋಡೆಗೆ ತೆಳುವಾದ ಸೈನೋವಿಯಲ್ ಪೊರೆಯಿದೆ. ಕೀಲಿಗೆ ಎಣ್ಣೆಯಂತಿರುವ ದ್ರವವನ್ನು ಅದು ಒದಗಿಸುತ್ತದೆ. ಈ ಸಲ ಹಾಲಿನ ಪ್ಯಾಕೆಟ್ಟಿನ ಹಾಳೆಯನ್ನು ಸುತ್ತಿ, ಒಳಗೆ ನೀರು ತುಂಬಿ ಉಬ್ಬಿಸಿದೆ. ಮಡಚಲು ಹೋದ ಹುಡುಗ “ಬಿಗಿ ಆಯ್ತು ಮಿಸ್” ಎಂದ. ರೋಗಾಣುಗಳ ಮೇಲೆ ಹೋರಾಡಬೇಕಾದ ನಮ್ಮ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಈ ಪೊರೆಯ ಮೇಲೆ ಬೀಳುತ್ತದೆ, ಪೊರೆ ಊದಿ ದಪ್ಪವಾಗಿ, ಚಿಕಿತ್ಸೆ ಸಿಗದಿದ್ದರೆ ಮೃದ್ವಸ್ಥಿಯನ್ನೂ ಮೂಳೆಯನ್ನೂ ತಿನ್ನುತ್ತದೆ ಎಂದು ವಿವರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ, “ಸಾಕಿದ ನಾಯಿ ಮನೆಯವರನ್ನೇ ಕಚ್ಚಿದಂಗೆ” ಎಂದ. ಇನ್ನೊಬ್ಬಳು, “ಹಂಗಾದ್ರೆ ನಾಯೀನ ಓಡಿಸ್ಬೇಕಾ ಮಿಸ್?” ಎಂದಳು. ಓಡಿಸಿದರೆ ಕಳ್ಳ ಬಂದಾಗ ಬೊಗಳುವವರಿಲ್ಲ. ಆದ್ದರಿಂದ ಔಷಧಿ ನಾಯಿಯನ್ನು ಕಟ್ಟಿಹಾಕಿ ಪಳಗಿಸುತ್ತದೆ ಎಂದೆ. ಪಾಠ ಟಿಪ್ಪಣಿಯಲ್ಲಿ ಇಲ್ಲದ ಈ ಹೋಲಿಕೆ ಆ ದಿನದ ಅತ್ಯುತ್ತಮ ಬೋಧನೋಪಕರಣವಾಯಿತು.

ಯಾರೂ ಕೇಳದಿದ್ದರೂ ಇನ್ನೆರಡು ಮಾತು ಸೇರಿಸಿದೆ. ಇದು ಅಂಟುರೋಗವಲ್ಲ. ಯಾರ ತಪ್ಪಿನಿಂದಲೂ ಬರುವುದಿಲ್ಲ. ಮೂರನೇ ಬೆಂಚಿನಲ್ಲಿ ಒಂದು ಮುಖ ಮೇಲೆದ್ದಿತು.

ವೀಕ್ಷಕರು ನಮೂನೆಯಲ್ಲಿ ‘ಸಮಯಪಾಲನೆ ಸಾಲದು’ ಎಂದು ಬರೆದರು. ನಿಜ. ಮೌಲ್ಯಮಾಪನದ ಹಂತಕ್ಕೆ ನಾನು ತಲುಪಲೇ ಇಲ್ಲ.

ಆಮೇಲೆ ಮಾಡಿದ ಬದಲಾವಣೆಗಳು ಸಣ್ಣವು. ಮೊದಲ ಅವಧಿಯಲ್ಲಿ ಬರವಣಿಗೆ ಕಡಿಮೆ ಮಾಡಿ ಪ್ರಶ್ನೋತ್ತರ, ಪ್ರಾತ್ಯಕ್ಷಿಕೆ ಇಟ್ಟೆ. ಟಿಪ್ಪಣಿ ಬರೆಸುವುದನ್ನು ಮಧ್ಯಾಹ್ನಕ್ಕೆ ಬದಲಿಸಿಕೊಂಡ ಅವಧಿಗೆ ದೂಡಿದೆ. ನಡುನಡುವೆ ಇಡೀ ತರಗತಿಗೇ ಎದ್ದು ಕೈಕಾಲು ಆಡಿಸಲು ಹೇಳಿದೆ, ಅವಳೊಬ್ಬಳೇ ಎದ್ದು ನಿಲ್ಲುವ ಮುಜುಗರ ತಪ್ಪಿತು. ಪ್ರಾರ್ಥನೆಯಲ್ಲಿ ಅವಳಿಗೆ ಕುರ್ಚಿ ಕೊಡಲು ಮುಖ್ಯ ಶಿಕ್ಷಕರು ಒಪ್ಪಿದರು. ಆದರೆ ಅವಳು ಕೂರಲಿಲ್ಲ, ನಿಂತೇ ಇದ್ದಳು. ಎಲ್ಲವೂ ನಾವಂದುಕೊಂಡಂತೆ ಆಗುವುದಿಲ್ಲ.

ಮುಂದಿನ ವರ್ಷ ಶಾಲೆಗಳಿಗೆ ಹೋಗುವ ಗೆಳೆಯರಿಗೆ ಕೆಲವು ಮಾತು. ಬೆಳಿಗ್ಗೆ ಕುಂಟುವ, ಪೆನ್ನು ಹಿಡಿಯಲು ತಡವರಿಸುವ, ಮಧ್ಯಾಹ್ನಕ್ಕೆ ಸರಿಹೋಗುವ ಮಗುವನ್ನು ಕಂಡರೆ ಪೋಷಕರಿಗೆ ತಿಳಿಸಿ. ವೈದ್ಯರಿಗೆ ಮಗು ಸಿಗುವುದು ತಿಂಗಳಿಗೊಮ್ಮೆ, ನಮಗೆ ಪ್ರತಿದಿನ ಅದೇ ಹೊತ್ತಿಗೆ ಸಿಗುತ್ತದೆ. ಈ ಕಾಯಿಲೆಯಲ್ಲಿ ಕೆಲವು ಮಕ್ಕಳ ಕಣ್ಣಿನೊಳಗೂ ಉರಿಯೂತ ಬರುತ್ತದೆ. ಕಣ್ಣು ಕೆಂಪಾಗದೆ, ನೋವೂ ಇಲ್ಲದೆ ದೃಷ್ಟಿ ಕುಂದಬಹುದು. ಹಾಗಾಗಿ ಕಣ್ಣಿನ ತಪಾಸಣೆಗೆಂದು ರಜೆ ಕೇಳಿದರೆ ಗೊಣಗಬೇಡಿ. ಮೆಥೊಟ್ರೆಕ್ಸೇಟ್‌ನಂಥ ಔಷಧಿ ರಕ್ಷಣಾ ಶಕ್ತಿಯನ್ನು ತುಸು ತಗ್ಗಿಸುತ್ತದೆ. ತರಗತಿಯಲ್ಲಿ ಯಾರಿಗಾದರೂ ಚಿಕನ್ ಪಾಕ್ಸ್ ಬಂದರೆ ಅಂಥ ಮಗುವಿನ ಮನೆಗೆ ಅಂದೇ ತಿಳಿಸಿ. ಗಂಟಲುನೋವು ಬಂದು ಎರಡು–ಮೂರು ವಾರಕ್ಕೆ ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ಊತ ಕಂಡರೆ ಅದು ರುಮ್ಯಾಟಿಕ್ ಜ್ವರವಿರಬಹುದು. ಅದು ಹೃದಯದ ಕವಾಟಗಳಿಗೆ ಹಾನಿ ಮಾಡಬಲ್ಲದು, ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಅಂಗವೈಕಲ್ಯವೆಂದು ಪ್ರಮಾಣೀಕರಿಸುವಷ್ಟು ತೊಂದರೆಯಿದ್ದರೆ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯಕ್ಕೂ ಬರೆಯಲು ಸಹಾಯಕರನ್ನು ಪಡೆಯುವುದಕ್ಕೂ ದಾರಿ ಮಾಡಿದೆ. ಪೋಷಕರಿಗೆ ಅದನ್ನು ನಾವೇ ಹೇಳಬೇಕು.

ಪೂರ್ವಜ್ಞಾನವನ್ನು ಪರೀಕ್ಷಿಸಿ ಪಾಠ ಆರಂಭಿಸಬೇಕೆಂದು ನಮಗೆ ಕಲಿಸಿದ್ದಾರೆ. ಮಕ್ಕಳದ್ದನ್ನು ನಾನು ಪರೀಕ್ಷಿಸಿದ್ದೆ, ನನ್ನದನ್ನು ಪರೀಕ್ಷಿಸಿರಲಿಲ್ಲ. ದಿನಚರಿಯ ಆ ಸಾಲನ್ನು ಹೊಡೆದುಹಾಕಿದ್ದೇನೆ, ಆದರೆ ಪುಟ ಹರಿದಿಲ್ಲ. ‘ಕೈಗೇನಾಗಿದೆ?’ ಎಂಬ ಪ್ರಶ್ನೆ ತಪ್ಪಲ್ಲ. ಹತ್ತಿರ ಹೋಗಿ, ಮೆಲ್ಲಗೆ, ಉತ್ತರ ಬೇಕೆಂದೇ ಕೇಳಬೇಕಿತ್ತು.