ಜಾತ್ರೆಗೆ ಆಂಪ್ ಹೊರಬೇಕೆ?

ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಂಥ ಕಡೆ ರಸಮಂಜರಿಗೆ ಹೊರಡುವ ಗಿಟಾರ್ ವಾದಕರಿಗೆ ಆಂಪ್ ಸಾಗಿಸುವುದೇ ದೊಡ್ಡ ಕೆಲಸ. ಹಳೆಯ ಮೆಚ್ಚಿನ ಫೆಂಡರ್ ಟ್ವಿನ್ ರಿವರ್ಬ್ ಸುಮಾರು 29 ಕೆ.ಜಿ. ಕ್ಯಾತಗಾನಚೆರ್ಲುವಿನಂಥ ಊರಿನವರೆಗೆ ಅದನ್ನು ಹೊರುವವರು ಯಾರು?

ಅಂಗೈಯಗಲದ ಪ್ರಿಆಂಪ್ ಪೆಡಲ್ ಇಲ್ಲಿ ನಿಜಕ್ಕೂ ಉಪಕಾರಿ. 1989ರಲ್ಲಿ ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಈ ದಾರಿ ತೋರಿಸಿತು: ಗಿಟಾರ್ ಪೆಡಲ್‌ಗೆ, ಪೆಡಲ್ ನೇರವಾಗಿ ಮಿಕ್ಸರ್‌ಗೆ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಕ್ಯಾಬಿನೆಟ್ ಸಿಮ್ಯುಲೇಶನ್. ಗಿಟಾರ್ ಆಂಪ್‌ನ ಸ್ಪೀಕರ್ ಕಿರುಚುವ ಮೇಲಿನ ಸ್ವರಾಂಶಗಳನ್ನು ತಾನೇ ತಗ್ಗಿಸುತ್ತದೆ. ಅದನ್ನು ಅನುಕರಿಸುವ ಈ ಸೌಲಭ್ಯ ಪೆಡಲ್‌ನಲ್ಲಿ ಇಲ್ಲದಿದ್ದರೆ ಡಿಸ್ಟಾರ್ಷನ್ ದೊಡ್ಡ ಬಾಕ್ಸ್‌ಗಳಲ್ಲಿ ಜೇನ್ನೊಣಗಳಂತೆ ಗುಂಯ್‌ಗುಡುತ್ತದೆ. ಉದ್ದದ ಕೇಬಲ್ ಎಳೆದರೂ ಗದ್ದಲ ಸೇರದಂತೆ ಎಕ್ಸ್‌ಎಲ್‌ಆರ್ ಔಟ್‌ಪುಟ್ ಇರಲಿ.

ಪಕ್ಕದಲ್ಲಿ ಆಂಪ್ ಇರದ ಕಾರಣ ಮಾನಿಟರ್ ಸರಿಯಿಲ್ಲದ ವೇದಿಕೆಯಲ್ಲಿ ಮಾತ್ರ ವಾದಕರಿಗೆ ತಮ್ಮ ಗಿಟಾರೇ ಕೇಳಿಸದು. ಸೌಂಡ್‌ನವರಿಗೆ ಮೊದಲೇ ಹೇಳಿಡಬೇಕು.