ಕಿರೀಟವಿಲ್ಲದ ದಿಣ್ಣ

'ಬೇಡರ ಕಣ್ಣಪ್ಪ' ಸಿನಿಮಾವನ್ನು ಹೊಗಳದವರು ಕಡಿಮೆ. ನಾನೂ ಹೊಗಳುವವನೇ. ಅಪ್ಪನ ಜೊತೆ ಗುಬ್ಬಿ ಕಂಪನಿಯಲ್ಲಿ ಬೆಳೆದ ಮುತ್ತುರಾಜನನ್ನು ಎಚ್.ಎಲ್.ಎನ್. ಸಿಂಹ ರಾಜಕುಮಾರ್ ಮಾಡಿ ಬಿಲ್ಲು ಹಿಡಿಸಿ ನಿಲ್ಲಿಸಿದ್ದು 1954ರಲ್ಲಿ. ಬೇಡ ನಾಯಕ, ಪೂಜಾರಿ ಖಳನಾಯಕ! ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಆದರೆ ಗೆಳೆಯರೇ, ಅದನ್ನು ನೋಡುವಾಗೆಲ್ಲ ನನ್ನೊಳಗೆ ಒಂದು ಜಗಳ ಶುರುವಾಗ್ತದೆ.

ಕಾರಣ, ನಾನು ಮೊದಲು ಕಂಡದ್ದು ನಾಟಕದ ಕಣ್ಣಪ್ಪನನ್ನು. ಹೊಸಬಾಳೆಯ ನಮ್ಮ ಕೇರಿಯಲ್ಲಿ ಭತ್ತದ ಒಕ್ಕಲು ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳೊಪ್ಪತ್ತು ಉಳಿದು ಕಲಿಸುತ್ತಿದ್ದರು. ಅವರ ಹರಿದ ನೋಟುಪುಸ್ತಕದಲ್ಲಿ ದೇವಲೋಕದ ಸೀನೂ ಇತ್ತಂತೆ. ಆದರೆ ಕಿರೀಟ, ಭುಜಕೀರ್ತಿ ಬಾಡಿಗೆ ತರಲು ನಮ್ಮವರ ಹತ್ತಿರ ದುಡ್ಡೆಲ್ಲಿ? ಅದನ್ನು ಕೈಬಿಟ್ಟರು. ಹಾಗಾಗಿ ನಮ್ಮ ನಾಟಕದಲ್ಲಿ ಪರದೆ ಎದ್ದರೆ ಕಾಡು. ದಿಣ್ಣ ಬೇಡರ ಹಟ್ಟಿಯಲ್ಲಿ ಹುಟ್ಟಿದವನು, ಅಷ್ಟೇ. ಹಿಂದಿನ ಜನ್ಮ ಇಲ್ಲ, ಶಾಪ ಇಲ್ಲ.

ಸಿನಿಮಾದಲ್ಲಿ ಹಾಗಲ್ಲ. ಅಲ್ಲಿ ದಿಣ್ಣನೂ ಪಂಡರೀಬಾಯಿಯ ನೀಲೆಯೂ ಶಾಪದಿಂದ ಭೂಮಿಗೆ ಬಿದ್ದ ದೇವಲೋಕದವರು. ಬೇಡರ ಕುಲ ಅವರಿಗೆ ಶಿಕ್ಷೆ! ನಮ್ಮ ಕೇರಿಯಲ್ಲಿ ಹುಟ್ಟುವುದೂ ಯಾವ ತಪ್ಪಿಗೆ ಶಿಕ್ಷೆಯೋ ಹಾಗಾದರೆ? ಒಂದು ರಾತ್ರಿ ಚಿಕ್ಕಪ್ಪನಿಗೆ ನನ್ನ ಮೊಬೈಲಿನಲ್ಲಿ ಸಿನಿಮಾ ತೋರಿಸಿದೆ. ಹತ್ತಾರು ವರ್ಷ ದಿಣ್ಣನ ಪಾರ್ಟು ಮಾಡಿದವನು. "ದೇವ್ರೇ ಆಗಿದ್ಮೇಲೆ ಕಣ್ಣು ಕೀಳಾದು ಎಂಥ ದೊಡ್ಡ ಕೆಲ್ಸ ಮಾರಾಯ? ಹೋದ್ರೆ ಹೊಸದು ಬತ್ತದೆ" ಅಂದ.

ಹನ್ನೆರಡನೇ ಶತಮಾನದಲ್ಲಿ ಸೇಕ್ಕಿಳಾರ್ ತಮಿಳಿನಲ್ಲಿ ಬರೆದ ಪೆರಿಯಪುರಾಣದಲ್ಲಿ ಇವನು ತಿಣ್ಣ, ಬೇಡರ ನಾಯಕನ ಮಗ. ಬಾಯಲ್ಲಿ ನೀರು ತುಂಬಿಕೊಂಡು ಬಂದು ಕಾಳಹಸ್ತಿಯ ಲಿಂಗಕ್ಕೆ ಎರೆಯುತ್ತಾನೆ. ಮಾಂಸವನ್ನು ತಾನು ಕಚ್ಚಿ ರುಚಿ ನೋಡಿ ಎಡೆ ಇಡುತ್ತಾನೆ. ಬೇಡ ನಮ್ಮ ಜಾತಿಯವನಲ್ಲ. ಆದರೂ ಎಂಜಲು, ಮಾಂಸ ಅಂದ ಕೂಡಲೇ ಊರು ಯಾರ ಕಡೆ ತಿರುಗಿ ನೋಡುತ್ತದೆ ಅಂತ ನಮಗೆ ಗೊತ್ತು. ನಮ್ಮ ನಾಟಕದ ಲಿಂಗ ಮಸಿ ಬಳಿದ ಬೂದುಗುಂಬಳ. ಎರಡನೇ ಕಣ್ಣಿನ ಗುರುತಿಗೆ ಚಿಕ್ಕಪ್ಪ ಅದರ ಮೇಲೆ ಕಾಲಿಟ್ಟಾಗ ಕೇರಿಗೆ ಕೇರಿಯೇ ಉಸಿರು ಬಿಗಿಹಿಡಿಯುತ್ತಿತ್ತು. ಅದೇ ಕಾಲನ್ನು ಪಕ್ಕದ ಒಂದೂರಿನ ಗುಡಿಯ ಹೊಸ್ತಿಲಾಚೆ ಇಡಲು ಬಿಟ್ಟಿರಲಿಲ್ಲ. ಪ್ರಸಾದವನ್ನು ಹೊರಗೇ, ಮೇಲಿಂದ ಬೀಳಿಸಿದ್ದರು.

ಇನ್ನು ಹಾಡು. ಕಂಪನಿ ನಾಟಕದ ಜೀವವೇ ಹಾಡು. ಪಾತ್ರ ಮಾಡುವವನೇ ಹಾಡಬೇಕು. ಹಸಿವಿನ ಹಾಡು ಬಂದಾಗ ಚಿಕ್ಕಪ್ಪನ ದನಿ ಮೇಲಿನ ಸ್ವರದಲ್ಲಿ ಒಡೆಯುತ್ತಿತ್ತು. ಮೇಷ್ಟ್ರು ಕಣ್ಣು ಬಿಡುತ್ತಿದ್ದರು, ಆದರೆ ಜನ ಆ ಒಡಕಿಗೇ ಅಳುತ್ತಿದ್ದರು. ಗದ್ದೆಯಲ್ಲಿ ದುಡಿದು ಬಂದು ಅರೆಹೊಟ್ಟೆಯಲ್ಲಿ ಹಾಡುವವನ ದನಿ ಅದು. ಸಿನಿಮಾದಲ್ಲಿ ಆ ಹಸಿವನ್ನು ಹಾಡಿದವರು ತಮಿಳಿನ ಸಿ.ಎಸ್. ಜಯರಾಮನ್. ಎಂಥ ಕಂಠ! ಬಸ್ಸಿನಲ್ಲಿ ಎಲ್ಲಾದರೂ ಕೇಳಿದರೆ ನಾನು ಇಳಿಯುವ ಸ್ಟಾಪು ಮರೆತೇನು. ಆದರೂ ಕೇಳಬೇಕು ಅನಿಸ್ತದೆ: ರಂಗದ ಮೇಲೆ ಬೆಳೆದ ರಾಜಕುಮಾರರ ಬಾಯಿಗೆ ಬೇರೆಯವರ ದನಿ ಯಾಕೆ? 1974ರ 'ಸಂಪತ್ತಿಗೆ ಸವಾಲ್' ಹಾಡು ಕೇಳಿದ ಮೇಲೆ ನಾಡಿಗೆಲ್ಲ ಅವರ ಗಂಟಲು ಎಂಥದ್ದು ಅಂತ ಗೊತ್ತಾಯಿತಲ್ಲ.

ಹಾಗಂತ ಸಿನಿಮಾ ಬಿಟ್ಟುಕೊಡಲಾರೆ. ಪೂಜಾರಿ ಕಳ್ಳತನ ಹೊರಿಸಿ ಹೊಡೆಸುವಾಗ ರಾಜಕುಮಾರ್ ಮುಖ ನೋಡಿ. ತಪ್ಪು ಮಾಡದೆ ಹೊಡೆತ ತಿಂದವನ ದಿಗಿಲು ಅದು, ದೇವಲೋಕದವನದಲ್ಲ. ಕ್ಯಾಮೆರಾ ಅಷ್ಟು ಹತ್ತಿರ ಹೋಗದಿದ್ದರೆ ನಮ್ಮಂಥವರ ಕಣ್ಣನ್ನು ಕನ್ನಡನಾಡು ಅಷ್ಟು ದೊಡ್ಡದಾಗಿ ಯಾವಾಗ ನೋಡುತ್ತಿತ್ತು? ನಮ್ಮ ಗ್ಯಾಸ್‌ಲೈಟಿನ ಬೆಳಕಲ್ಲಿ ಹಿಂದಿನ ಸಾಲಿನವರಿಗೆ ಚಿಕ್ಕಪ್ಪನ ಮುಖವೇ ಕಾಣುತ್ತಿರಲಿಲ್ಲ. 1988ರಲ್ಲಿ ಇದೇ ಕಥೆ 'ಶಿವ ಮೆಚ್ಚಿದ ಕಣ್ಣಪ್ಪ' ಆಗಿ ಬಂತು. ಅದರಲ್ಲಿ ಮಗ ಶಿವರಾಜಕುಮಾರ್ ಬೇಡ, ರಾಜಕುಮಾರ್ ಶಿವ. ಬೇಡನಾಗಿ ಬಂದವರನ್ನು ಕೊನೆಗೆ ನಾವೇ ಕೈಲಾಸಕ್ಕೆ ಕಳಿಸಿ ಕೂರಿಸಿದೆವು.

ಈ ಸುಗ್ಗಿ ಕಳೆದ ಮೇಲೆ ಕೇರಿಯ ಹುಡುಗರು ಮತ್ತೆ ನಾಟಕ ಕಟ್ಟಲು ಹೊರಟಿದ್ದಾರೆ. ಅವರಿಗೆ ಸಿನಿಮಾದಲ್ಲಿದ್ದ ಹಾಗೇ ದೇವಲೋಕ ಬೇಕು. ಚಂದಾ ಎತ್ತಿ ಕಿರೀಟ ಬಾಡಿಗೆ ತರ್ತೀವಿ ಅಂತಾರೆ. ಕಿರೀಟ ಬಂದ್ರೆ ಹಾಡು ಹೇಳಿಕೊಡಲ್ಲ ಅಂತ ಚಿಕ್ಕಪ್ಪ ಜಗಲಿ ಮೇಲೆ ಕೂತಿದ್ದಾನೆ. ಚಂದಾ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಇನ್ನೂ ಏನೂ ಬರೆದಿಲ್ಲ.